ಕಾರ್ಡ್ ತೋರಿಸುವ ಮುನ್ನ, ಕಂಪ್ಯೂಟರ್ ನಿಂತದ್ದು ಹೇಗೆಂದು ಹೇಳಿ

ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮೇಲೆ ಕಂಪ್ಯೂಟರ್ ಪದೇ ಪದೇ ನಿಲ್ಲುತ್ತಿದೆ ಎಂದು ತುಮಕೂರಿನ ನಮ್ಮ ರಿಪೇರಿ ಅಂಗಡಿಗೆ ಬರುವವರಲ್ಲಿ ಹಲವರು ಬರೀ ಕಾರ್ಡನ್ನು ಚೀಲದಲ್ಲಿಟ್ಟುಕೊಂಡು ಬರುತ್ತಾರೆ. ಉಳಿದದ್ದೆಲ್ಲ ಮೊದಲು ಸರಿಯಾಗಿಯೇ ಇತ್ತು, ಬದಲಾದದ್ದು ಕಾರ್ಡೊಂದೇ, ಆದ್ದರಿಂದ ತಪ್ಪೂ ಅದರದ್ದೇ ಎಂಬುದು ಅವರ ಲೆಕ್ಕ. ಅವರನ್ನು ನಾನು ಮೊದಲು ಕೇಳುವುದು ಯಂತ್ರ ನಿಂತದ್ದು ಹೇಗೆ ಎಂದು. ಗೋಡೆಯ ಸ್ವಿಚ್ ತೆಗೆದಂತೆ ಒಮ್ಮೆಲೇ ಆರಿಹೋಯಿತೇ, ಪರದೆ ಮಾತ್ರ ಕಪ್ಪಾಗಿ ಫ್ಯಾನು, ಹಾಡು ಎಲ್ಲ ನಡೆಯುತ್ತಲೇ ಇದ್ದವೇ, ಇಲ್ಲವೇ ನೀಲಿ ಪರದೆ ಬಂದು ತಾನೇ ರೀಸ್ಟಾರ್ಟ್ ಆಯಿತೇ? ಈ ಮೂರಕ್ಕೆ ಕಾರಣಗಳು ಬೇರೆ ಬೇರೆ.

ಒಮ್ಮೆಲೇ ಆರಿಹೋಗುವ ಯಂತ್ರದಲ್ಲಿ ನನ್ನ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿನ ಭಾಗಗಳಿಗೆ ಬೇಕಾದಂತೆ ಬದಲಿಸಿ ಕೊಡುವ ಘಟಕದ ಮೇಲೆ. ಶಿರಾ ಗೇಟ್ ಕಡೆಯ ಒಂದು ಮದುವೆ ಸ್ಟುಡಿಯೋದ ಕಂಪ್ಯೂಟರ್ ಹೀಗೆಯೇ ಬಂದಿತ್ತು. ಮಾಲೀಕರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 3060 ಕಾರ್ಡ್ ತಂದು ತಾವೇ ಜೋಡಿಸಿದ್ದರು. ವಿಡಿಯೋ ಕತ್ತರಿಸುವಾಗ ತೊಂದರೆಯಿಲ್ಲ, ಅದನ್ನು ಒಂದೇ ಕಡತವಾಗಿ ತಯಾರಿಸಲು ರೆಂಡರ್‌ಗೆ ಹಾಕಿದ ಐದಾರು ನಿಮಿಷಕ್ಕೆ ಫಟ್ಟನೆ ಬಂದ್. ಕ್ಯಾಬಿನೆಟ್ ಜೊತೆಗೇ ಬಂದಿದ್ದ ಎಸ್‌ಎಂಪಿಎಸ್ ಮೇಲೆ ದಪ್ಪ ಅಕ್ಷರದಲ್ಲಿ 450 ಎಂದಿತ್ತು, ಆದರೆ ಪಕ್ಕದ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್ ಸಾಲಿನ ಎದುರು 18 ಆಂಪಿಯರ್ ಎಂದು ಬರೆದಿತ್ತು. ಗುಣಿಸಿದರೆ 216 ವಾಟ್. ಕಾರ್ಡೊಂದಕ್ಕೇ 170 ವಾಟ್ ಬೇಕು; 65 ವಾಟ್ ಎಂದು ನಮೂದಾಗಿರುವ ಪ್ರೊಸೆಸರ್ ರೆಂಡರಿಂಗ್ ಹೊತ್ತಿನಲ್ಲಿ ಅದನ್ನೂ ಮೀರುತ್ತದೆ. ಈ ಎರಡೂ ಕರೆಂಟ್ ಪಡೆಯುವುದು ಅದೇ 12 ವೋಲ್ಟ್ ಸಾಲಿನಿಂದ. ಈ ಕಾರ್ಡಿಗೆ ಕನಿಷ್ಠ 550 ವಾಟ್‌ನ ಎಸ್‌ಎಂಪಿಎಸ್ ಇರಲಿ ಎಂದು ಎನ್ವಿಡಿಯಾ ಹೇಳುವುದು ಸುಮ್ಮನೆ ಅಲ್ಲ. ಈಚಿನ ಕಾರ್ಡುಗಳು ಮಿಲಿಸೆಕೆಂಡಿನಷ್ಟು ಹೊತ್ತು ತಮ್ಮ ನಮೂದಿತ ಮಿತಿಗಿಂತ ಬಹಳ ಮೇಲಕ್ಕೆ ಜಿಗಿಯುತ್ತವೆ. ಆ ಜಿಗಿತವನ್ನು ತಾಳಲಾರದ ಎಸ್‌ಎಂಪಿಎಸ್ ತನ್ನನ್ನು ಕಾಪಾಡಿಕೊಳ್ಳಲು ಟ್ರಿಪ್ ಆಗುತ್ತದೆ. ಎಸ್‌ಎಂಪಿಎಸ್‌ಗಳಿಗಾಗಿ 2022ರಲ್ಲಿ ಬಂದ ಎಟಿಎಕ್ಸ್ 3.0 ಮಾನದಂಡ ಇಂಥ ಜಿಗಿತಗಳಿಗೆಂದೇ ಹೊಸ ನಿಯಮ ಸೇರಿಸಿತು.

ಅದೇ ಪೆಟ್ಟಿಗೆಯಲ್ಲಿ ಇನ್ನೊಂದು ಎಡವಟ್ಟೂ ಇತ್ತು. ಕಾರ್ಡಿಗೆ ಬೇಕಾದ ಎಂಟು ಪಿನ್ನಿನ ಕೇಬಲ್ ಎಸ್‌ಎಂಪಿಎಸ್‌ನಲ್ಲಿ ಇರಲಿಲ್ಲವಾದ್ದರಿಂದ, ಹಾರ್ಡ್‌ಡಿಸ್ಕಿನ ಸಾಟಾ ಪವರ್‌ನಿಂದ ಕನ್ವರ್ಟರ್ ಹಾಕಿದ್ದರು. ಎಂಟು ಪಿನ್ನಿನ ಕನೆಕ್ಟರ್ 150 ವಾಟ್ ಒದಗಿಸಬೇಕಾದದ್ದು. ಸಾಟಾ ಪವರ್‌ನಲ್ಲಿ 12 ವೋಲ್ಟಿಗೆ ಇರುವುದು ಮೂರು ಪಿನ್, ಒಂದೊಂದಕ್ಕೆ ಒಂದೂವರೆ ಆಂಪಿಯರ್, ಒಟ್ಟು 54 ವಾಟ್. ಪ್ಲಾಸ್ಟಿಕ್ ಆಗಲೇ ಕಂದು ಬಣ್ಣಕ್ಕೆ ತಿರುಗಿತ್ತು. ಈ ಕನ್ವರ್ಟರ್ ಯಾವ ಅಂಗಡಿಯಲ್ಲಿ ಸಿಕ್ಕರೂ ಕೊಳ್ಳಬೇಡಿ.

ಬೇರೆ ಎಸ್‌ಎಂಪಿಎಸ್ ಕೈಗೆ ಸಿಗುವ ಮೊದಲು ಖರ್ಚಿಲ್ಲದೆ ಮಾಡಬಹುದಾದ ಒಂದು ಪರೀಕ್ಷೆಯಿದೆ. ಆದರೆ ಇಂಥ ಕನ್ವರ್ಟರ್ ಇದ್ದರೆ ಅದನ್ನು ಕಿತ್ತುಹಾಕುವವರೆಗೆ ಯಾವ ಪರೀಕ್ಷೆಯೂ ಬೇಡ. ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಕಾರ್ಡಿನ ಪವರ್ ಲಿಮಿಟ್ಟನ್ನು, ಅಂದರೆ ಅದು ಎಳೆಯಬಹುದಾದ ವಿದ್ಯುತ್ತಿನ ಮಿತಿಯನ್ನು, ಶೇಕಡಾ 70ಕ್ಕೆ ಇಳಿಸಿ ಅದೇ ಕೆಲಸವನ್ನು ಮತ್ತೆ ಮಾಡಿ ನೋಡುವುದು. ಆಗ ಯಂತ್ರ ನಿಲ್ಲದಿದ್ದರೆ ವಿದ್ಯುತ್ ಪೂರೈಕೆಯ ಮೇಲಿನ ಅನುಮಾನ ಬಲವಾಗುತ್ತದೆ. ಬಲವಾಗುತ್ತದೆಯೇ ಹೊರತು ಸಾಬೀತಾಗುವುದಿಲ್ಲ, ಏಕೆಂದರೆ ಸೋತ ಕಾರ್ಡ್ ಕೂಡ ಕಡಿಮೆ ವೇಗದಲ್ಲಿ ಸುಮ್ಮನಿರಬಲ್ಲದು. ಖಚಿತಪಡಿಸಿಕೊಳ್ಳಲು ಒಳ್ಳೆಯ ಎಸ್‌ಎಂಪಿಎಸ್ ಒಂದನ್ನು ಯಾರಿಂದಲಾದರೂ ಎರವಲು ತಂದು ಜೋಡಿಸಲೇಬೇಕು. ವಿಂಡೋಸ್ ತನ್ನ ಘಟನೆಗಳ ದಾಖಲೆ ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ ಕಾಣುವ ‘ಕರ್ನಲ್ ಪವರ್ 41’ ಎಂಬ ಸಾಲನ್ನು ಪುರಾವೆಯೆಂದು ಹಲವರು ಫೋಟೋ ತೆಗೆದುಕೊಂಡು ಬರುತ್ತಾರೆ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತ್ತು ಎಂಬುದಷ್ಟೇ ಅದರ ಅರ್ಥ. ಕಾರಣವನ್ನು ಅದು ಹೇಳುವುದಿಲ್ಲ.

ಪರದೆ ಮಾತ್ರ ಕಪ್ಪಾಗಿ ಮರಳಿ ಬರುವುದು ಬೇರೆ ಜಾತಿಯ ತೊಂದರೆ. ಕಾರ್ಡ್ ಎರಡು ಸೆಕೆಂಡಿನೊಳಗೆ ಉತ್ತರ ಕೊಡದಿದ್ದರೆ ವಿಂಡೋಸ್ ಅದರ ಡ್ರೈವರನ್ನು, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶವನ್ನು, ಹೊಸದಾಗಿ ಎಬ್ಬಿಸುತ್ತದೆ. ಎಬ್ಬಿಸಲಾಗದಿದ್ದಾಗ ನೀಲಿ ಪರದೆಯಲ್ಲಿ ‘ವಿಡಿಯೋ ಟಿಡಿಆರ್ ಫೇಲ್ಯೂರ್’ ಎಂದು ಬರುತ್ತದೆ. ಎಎಂಡಿ ಕಾರ್ಡ್ ತೆಗೆದು ಎನ್ವಿಡಿಯಾ ಹಾಕಿದವರಲ್ಲಿ ಹಳೆಯ ಡ್ರೈವರಿನ ಪಳೆಯುಳಿಕೆಗಳು ಕಾರಣವಾಗಿರುವುದುಂಟು. ಸೇಫ್ ಮೋಡ್‌ನಲ್ಲಿ ಡಿಡಿಯು ಎಂಬ ಡ್ರೈವರ್ ಅಳಿಸುವ ತಂತ್ರಾಂಶ ಬಳಸಿ ಅವೆಲ್ಲವನ್ನೂ ಅಳಿಸಿ, ಹೊಸ ಡ್ರೈವರ್ ಹಾಕಿದರೆ ಸಾಕು. ಇಷ್ಟಕ್ಕೇ ವಿಂಡೋಸ್ ಫಾರ್ಮ್ಯಾಟ್ ಮಾಡುವ ಅಗತ್ಯವಿಲ್ಲ. ವೃತ್ತಿಯ ಮೊದಲ ವರ್ಷಗಳಲ್ಲಿ ನಾನೇ ಒಂದು ಯಂತ್ರವನ್ನು ಎರಡು ಸಲ ಫಾರ್ಮ್ಯಾಟ್ ಮಾಡಿ, ಮೂರನೆಯ ಸಲ ಮುಚ್ಚಳ ತೆಗೆದಾಗ ರ‍್ಯಾಮ್ ಕಡ್ಡಿಯ ಒಂದು ತುದಿ ಮೇಲೆದ್ದಿರುವುದನ್ನು ಕಂಡಿದ್ದೆ. ಕಾರ್ಡ್ ಜೋಡಿಸುವಾಗ ನನ್ನ ಕೈಯೇ ತಾಗಿತ್ತು.

ಸ್ಟುಡಿಯೋಗೆ 650 ವಾಟ್‌ನ ಎಸ್‌ಎಂಪಿಎಸ್ ಹಾಕಿಕೊಟ್ಟೆ. ಹತ್ತು ದಿನಕ್ಕೆ ಮಾಲೀಕರ ಫೋನ್: “ಸಾರ್, ಮತ್ತೆ ಅದೇ ಕಥೆ.” ವಿಚಾರಿಸಿದರೆ, ಈ ಸಲ ನಿಲ್ಲುತ್ತಿದ್ದದ್ದು ರೆಂಡರ್ ನಡೆಯುವಾಗ ಕರೆಂಟ್ ಹೋದ ಗಳಿಗೆಯಲ್ಲಿ ಮಾತ್ರ. ಮೇಜಿನ ಕೆಳಗಿದ್ದದ್ದು 600 ವಿಎ ಯುಪಿಎಸ್, ಅದು ಕೊಡಬಲ್ಲದ್ದು 360 ವಾಟ್. ಎರಡು ಮಾನಿಟರ್ ಸೇರಿ ಅದರ ಹೊರೆ ಮಿತಿಯ ಅಂಚಿನಲ್ಲಿತ್ತು. ಸಾಲದ್ದಕ್ಕೆ, ಅಗ್ಗದ ಯುಪಿಎಸ್ ಬ್ಯಾಟರಿಯಿಂದ ಕೊಡುವುದು ಗೋಡೆಯ ಕರೆಂಟಿನಂಥ ನಯವಾದ ಅಲೆಯಲ್ಲ, ಮೆಟ್ಟಿಲು ಮೆಟ್ಟಿಲಾದ ಅಲೆ. ಕರೆಂಟನ್ನು ಅಲೆಗೆ ತಕ್ಕಂತೆ ಎಳೆಯುವ ಆಕ್ಟಿವ್ ಪಿಎಫ್‌ಸಿ ಎಂಬ ಸರ್ಕ್ಯೂಟ್ ಇರುವ ಹೊಸ ಎಸ್‌ಎಂಪಿಎಸ್‌ಗಳಲ್ಲಿ ಕೆಲವು ಅದಕ್ಕೆ ಹೊಂದಿಕೊಳ್ಳುವುದಿಲ್ಲ. ಶುದ್ಧ ಸೈನ್ ಅಲೆ ಕೊಡುವ 1 ಕೆವಿಎ ಯುಪಿಎಸ್ ತರಿಸಿದ ಮೇಲೆ ತೊಂದರೆ ನಿಂತಿತು. ಹಳೆಯ ಯುಪಿಎಸ್ ಈಗ ಅವರ ವೈಫೈ ರೌಟರ್ ಮತ್ತು ಸಿಸಿಟಿವಿಯನ್ನು ಸಾಕುತ್ತಿದೆ.