ಬುಡ ಬಿಟ್ಟು ಕಡಿದ ಜಾಲಿ

ಸಿರುಗುಪ್ಪದಲ್ಲಿರುವ ನಮ್ಮ ಸೋದರಮಾವ ರಿಟೈರಾದ ಹೆಡ್‌ಮಾಸ್ತರು. ಊರಿನ ಗುಡಿ, ಬಾವಿ, ಹಳೇ ಮನೆತನಗಳ ಬಗ್ಗೆ ಏನೋ ಬರೆಯಲು ಹಿಡಿದು ಎರಡು ವರ್ಷವಾಯಿತು. ಮನೆಗೆ ಕಂಪ್ಯೂಟರ್ ಬಂದದ್ದೇ ಅದಕ್ಕಾಗಿ. ಕಳೆದ ಬೇಸಿಗೆಯಲ್ಲಿ ಒಂದು ದಿನ ಫೋನ್ ಮಾಡಿದರು. "ಅಳಿಯಾ, ನನ್ನ ಕಂಪ್ಯೂಟರಿಗೆ ಗಾಳಿ ಬಡದೈತಿ ನೋಡಪಾ. ಎರಡು ಸಲ ಫಾರ್ಮ್ಯಾಟ್ ಹೊಡೆಸೀನಿ, ಸಲಕ್ಕ 500 ರೂಪಾಯಿ. ಮೂರು ದಿನ ಸುಮ್ನ ಇರ್ತೈತಿ, ಮತ್ತ ಸುರು."

ಕಂಪ್ಯೂಟರ್ ಗೊತ್ತಿದ್ದವನು ಎಂದು ಒಮ್ಮೆ ಹೆಸರು ಬಿದ್ದರೆ ಮುಗಿಯಿತು, ನೆಂಟರ ಮನೆಯ ಪ್ರಿಂಟರ್, ವೈಫೈ, ಟೀವಿ ಎಲ್ಲವೂ ನಮ್ಮ ಕೊರಳಿಗೇ. ಭಾನುವಾರ ಬಳ್ಳಾರಿಯಿಂದ ಬಸ್ ಹತ್ತಿದೆ.

ಮಾವ ಸ್ವಿಚ್ ಹಾಕಿ ಕುಳಿತರು. ಪರದೆ ಬಂದು ಒಂದು ನಿಮಿಷ ಆಗಿರಲಿಲ್ಲ, ಬಲಗಡೆ ಕೆಳಮೂಲೆಯಿಂದ ಚೌಕವೊಂದು ಸರ್ರನೆ ಜಾರಿ ಬಂತು. ಕೆಂಪು ಅಕ್ಷರದಲ್ಲಿ, ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಸಿಕ್ಕಿವೆ ಎಂಬ ಇಂಗ್ಲಿಷ್ ಬರಹ. ಅದನ್ನು ಮುಚ್ಚಿದರೆ ಬೆಟ್ಟಿಂಗ್ ಆಟದ್ದೊಂದು. ಬ್ರೌಸರ್ ತೆರೆದರೆ ಗೂಗಲ್ ಬದಲು ಯಾವುದೋ ಹೆಸರಿಲ್ಲದ ಹುಡುಕುಪುಟ. ಅತ್ತೆ ಅಡುಗೆಮನೆ ಬಾಗಿಲಲ್ಲಿ ನಿಂತು, "ಮೊನ್ನೆ ಮಂದಿ ಕುಂತಾಗ ಅರೆಬೆತ್ತಲೆ ಹುಡಿಗೀರ ಚಿತ್ರ ಬಂತಪಾ, ಮರ್ಯಾದಿ ಹೋತು" ಎಂದರು. ಮಾವ ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದರು.

ಅವರ ಹಿತ್ತಿಲಾಚೆ ಒಂದು ಬೀಳು ಹೊಲವಿದೆ, ತುಂಬಾ ಬಳ್ಳಾರಿ ಜಾಲಿ. ಹೆಸರಲ್ಲಿ ನಮ್ಮೂರಿದ್ದರೂ ಗಿಡ ನಮ್ಮದಲ್ಲ. ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯದು, 19ನೇ ಶತಮಾನದಲ್ಲಿ ಈ ದೇಶಕ್ಕೆ ಬಂತು. ಇದರ ಕಾಯಿ ಸಿಹಿ. ಕುರಿ ಮೇಕೆಗಳು ಸಿಹಿಗಾಗಿ ತಿನ್ನುತ್ತವೆ, ಗಟ್ಟಿ ಬೀಜ ಜೀರ್ಣವಾಗದೆ ಹಿಕ್ಕೆಯೊಂದಿಗೆ ಬಿದ್ದಲ್ಲಿ ಮೊಳೆಯುತ್ತದೆ. ನೆಲಮಟ್ಟಕ್ಕೆ ಕಡಿದರೆ ಒಂದು ಕಾಂಡವಿದ್ದಲ್ಲಿ ಹತ್ತು ಚಿಗುರುತ್ತವೆ, ಏಕೆಂದರೆ ಮಲಗಿರುವ ಮೊಗ್ಗುಗಳು ಮಣ್ಣಿನೊಳಗಿನ ಬುಡದಲ್ಲಿರುತ್ತವೆ. ಮಾವನ ಕಂಪ್ಯೂಟರಿನ ಕಾಯಿಲೆಯನ್ನು ಅವರಿಗೆ ತಿಳಿಸಿ ಹೇಳಲು ನನಗೆ ಅಂದು ಬೇರೆ ಉದಾಹರಣೆ ಬೇಕಾಗಲಿಲ್ಲ, ಕಿಟಕಿಯಾಚೆ ಕೈ ತೋರಿಸಿದರೆ ಸಾಕಿತ್ತು.

ಸಿಹಿ ಕಾಯಿ ಯಾವುದಾಗಿತ್ತು ಎಂಬುದು ಬೇಗ ಸಿಕ್ಕಿತು. ಮಾವ ಟೈಪ್ ಮಾಡುವುದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಅದರಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತದ ಮನೆಗಳಲ್ಲಿ ಕೂರಿಸಿರುತ್ತಾರೆ. ಆ ಫಾಂಟ್ ಇರುವ ಕಡೆ ಕನ್ನಡವಾಗಿ ಕಾಣುವುದು ವಾಟ್ಸಾಪಿಗೆ ಹಾಕಿದೊಡನೆ ಕಾಗೆ ಕಾಲಾಗುತ್ತದೆ. ಎಲ್ಲ ಕಂಪ್ಯೂಟರು, ಮೊಬೈಲುಗಳಿಗೂ ಒಂದೇ ಆದ ಅಕ್ಷರ ಸಂಕೇತ ಯುನಿಕೋಡ್‌ಗೆ ಬದಲಾಯಿಸಬೇಕು. ಅದಕ್ಕೊಂದು ಕನ್ವರ್ಟರ್ ಹುಡುಕಿದ್ದಾರೆ, ಮೊದಲು ಸಿಕ್ಕ ಪುಟಕ್ಕೆ ಹೋಗಿದ್ದಾರೆ. ಆ ಪುಟದಲ್ಲಿ ಹಸಿರು ಬಣ್ಣದ ಡೌನ್‌ಲೋಡ್ ಗುಂಡಿಗಳು ಮೂರು, ನಿಜವಾದ ಲಿಂಕ್ ಅವುಗಳ ಕೆಳಗೆ ಸಣ್ಣಕ್ಷರದಲ್ಲಿ. ನುಡಿಗೂ ಇದಕ್ಕೂ ಸಂಬಂಧವಿಲ್ಲ. ಕನ್ನಡಿಗರು ಏನನ್ನು ಹುಡುಕುತ್ತಾರೆಂದು ಯಾರೋ ಲೆಕ್ಕ ಹಾಕಿ ಬಲೆ ಹರಡಿದ್ದಾರೆ, ಅಷ್ಟೇ.

ಆ ಕಡತ ಒತ್ತಿದರೆ ಇನ್‌ಸ್ಟಾಲ್ ಕಿಟಕಿ ಬರುತ್ತದೆ. 'ಎಕ್ಸ್‌ಪ್ರೆಸ್' ದಪ್ಪಕ್ಷರದಲ್ಲಿ, 'ಕಸ್ಟಮ್' ಬೂದು ಬಣ್ಣದಲ್ಲಿ ಸತ್ತಂತೆ. ಕಸ್ಟಮ್ ಒತ್ತಿದವರಿಗೆ ಮಾತ್ರ ಮೊದಲೇ ಟಿಕ್ ಹಾಕಿಟ್ಟ ಮೂರು ನಾಲ್ಕು ಚೌಕಗಳು ಕಾಣುತ್ತವೆ: ಹುಡುಕುಪುಟ ಬದಲಿಸಲು ಒಪ್ಪಿದ್ದೇನೆ, ಶಾಪಿಂಗ್ ಸಹಾಯಕ ಬೇಕು, ಇತ್ಯಾದಿ. ಹೀಗೆ ಒಂದರ ಹೊಟ್ಟೆಯಲ್ಲಿ ಇನ್ನೊಂದನ್ನಿಟ್ಟು ಸಾಗಿಸುವವರಿಗೆ ಪ್ರತಿ ಇನ್‌ಸ್ಟಾಲ್‌ಗೆ ಇಷ್ಟು ಎಂದು ಹಣ ಸಿಗುತ್ತದೆ. ಆಮೇಲೆ ತೋರಿಸಿದ ಜಾಹೀರಾತಿಗೆ ಅಷ್ಟು, ಒತ್ತಿದರೆ ಮತ್ತಷ್ಟು. ಒಂದು ಮನೆಯಿಂದ ಬರುವುದು ಚಿಲ್ಲರೆ. ಮನೆಗಳು ಲಕ್ಷಗಟ್ಟಲೆ ಇದ್ದರೆ ಆಗ ಅದು ಚಿಲ್ಲರೆಯಲ್ಲ. 2011ರ ನವೆಂಬರಿನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಬಯಲು ಮಾಡಿದ ಡಿಎನ್‌ಎಸ್ ಚೇಂಜರ್ ಜಾಲ 100ಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳನ್ನು ಹೊಕ್ಕಿತ್ತು. ಸೈಟಿನ ಹೆಸರನ್ನು ಅಂಕಿ ವಿಳಾಸವಾಗಿಸುವ ಡಿಎನ್‌ಎಸ್ ಎಂಬ ವಿಳಾಸಪುಸ್ತಕವನ್ನೇ ಬದಲಿಸಿ, ಜನರನ್ನು ತಮಗೆ ಬೇಕಾದ ಜಾಹೀರಾತಿನತ್ತ ತಿರುಗಿಸಿ ಆ ಗುಂಪು ಗಳಿಸಿದ್ದು ಕನಿಷ್ಠ 1.4 ಕೋಟಿ ಡಾಲರ್.

ಕೆಲಸಕ್ಕೆ ಬರುತ್ತೇನೆ. ಇಂಥ ಕಡೆ ನಮ್ಮವರು ಮಾಡುವ ಮೊದಲ ತಪ್ಪು, ಕಂಡದ್ದನ್ನೆಲ್ಲ ಅಳಿಸಲು ಶುರುಮಾಡುವುದು. ಮೊದಲು ಜಾಹೀರಾತು ಯಾವ ಪದರದಿಂದ ಬರುತ್ತಿದೆ ಎಂದು ತಿಳಿಯಬೇಕು. ಮೋಟರ್ ನೀರೆತ್ತದಿದ್ದರೆ ಫ್ಯೂಸು, ಕೆಪಾಸಿಟರು, ಫುಟ್‌ವಾಲ್ವು ಎಂದು ಒಂದೊಂದೇ ನೋಡುವುದಿಲ್ಲವೇ, ಹಾಗೆ.

ಮೂಲೆಯಿಂದ ಜಾರಿ ಬಂದ ಚೌಕವನ್ನು ಈ ಸಲ ಮುಚ್ಚದೆ ಓದಿದೆವು. ಅದರಲ್ಲೇ ಸಣ್ಣಕ್ಷರದಲ್ಲಿ ಬ್ರೌಸರಿನ ಹೆಸರು, ಪಕ್ಕದಲ್ಲಿ ಒಂದು ಸೈಟಿನ ವಿಳಾಸ. ಅಂದರೆ ಇದು ವೈರಸ್ಸೇ ಅಲ್ಲ, ನೋಟಿಫಿಕೇಶನ್. ಸೈಟು ಮುಚ್ಚಿದ ಮೇಲೂ ಸಂದೇಶ ಕಳಿಸುವ ಸೌಲಭ್ಯ ಕ್ರೋಮ್‌ಗೆ ಬಂದದ್ದು 2015ರಲ್ಲಿ. ಸುದ್ದಿಗೆ, ಮೇಲ್‌ಗೆ ಉಪಯೋಗವಾಗಲಿ ಎಂದು ಮಾಡಿದ್ದು. ಈಗ "ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ" ಎಂದು ಮಂಗ ಮಾಡಿ ಅನುಮತಿ ಗಿಟ್ಟಿಸುತ್ತಾರೆ. ಮಾವ ಒತ್ತಿದ್ದರು. "ನಾ ರೋಬೋಟ್ ಅಲ್ಲಲ್ಲೋ, ಅದಕ್ಕ ಒತ್ತಿದೆ" ಎಂದರು. ಬ್ರೌಸರಿನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ ತೆರೆದರೆ ಅನುಮತಿ ಪಡೆದವರ ಪಟ್ಟಿ ಹನುಮಂತನ ಬಾಲ. ಹನ್ನೊಂದು ಸೈಟುಗಳನ್ನು ತೆಗೆದೆವು. ಐದು ವೈರಸ್ಸೂ ಬೆಟ್ಟಿಂಗ್ ಆಟವೂ ಅಲ್ಲಿಗೆ ಮುಗಿದವು, ಎರಡೇ ನಿಮಿಷ. ಈ ಕಾಲದಲ್ಲಿ 'ವೈರಸ್ ಬಂದಿದೆ' ಎಂದು ನನಗೆ ಬರುವ ಕರೆಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಮುಗಿಯುತ್ತವೆ.

ಹುಡುಕುಪುಟದ ಗೋಳು, ಸುದ್ದಿಪುಟಗಳ ನಡುವೆ ಬರುವ ಜಾಹೀರಾತು ಉಳಿದವು. ಇನ್‌ಕಾಗ್ನಿಟೊ ಕಿಟಕಿ ತೆರೆದು ನೋಡಿದೆ. ಅದರಲ್ಲಿ ಎಕ್ಸ್‌ಟೆನ್ಶನ್‌ಗಳು, ಅಂದರೆ ಬ್ರೌಸರಿಗೆ ಅಂಟಿಸಿಕೊಂಡ ಪುಟ್ಟ ತಂತ್ರಾಂಶಗಳು, ನಾವಾಗಿ ಅನುಮತಿ ಕೊಡದ ಹೊರತು ಓಡುವುದಿಲ್ಲ. ಆ ಕಿಟಕಿಯಲ್ಲಿ ಸುದ್ದಿಪುಟಗಳ ನಡುವೆ ತೂರಿಕೊಳ್ಳುತ್ತಿದ್ದ ಜಾಹೀರಾತು ಮಾಯ, ಹಾಗಾದರೆ ಅದು ಎಕ್ಸ್‌ಟೆನ್ಶನ್ ಕೆಲಸ. ಬೇರೆ ಬ್ರೌಸರಿನಲ್ಲೂ ಅದೇ ಕಾಟವಿದ್ದರೆ ಬೇರು ವಿಂಡೋಸ್‌ನಲ್ಲಿ. ಅದೇ ವೈಫೈ ಹಿಡಿದ ಮೊಬೈಲಿನಲ್ಲೂ ಇದ್ದರೆ ವೈಫೈ ಹಂಚುವ ಪೆಟ್ಟಿಗೆ, ಅಂದರೆ ರೂಟರಿನ ಡಿಎನ್‌ಎಸ್ ನೋಡಬೇಕು. ಮಾವನಲ್ಲಿ ಮೊಬೈಲ್ ಶುದ್ಧವಾಗಿತ್ತು. ಆದರೆ ಎರಡನೇ ಬ್ರೌಸರ್ ತೆರೆದರೆ ಅದೇ ಹೆಸರಿಲ್ಲದ ಹುಡುಕುಪುಟ! ಒಂದೇ ಕಾಯಿಯಲ್ಲಿ ಎರಡು ಬೀಜ.

ಎಕ್ಸ್‌ಟೆನ್ಶನ್ ಪಟ್ಟಿಯಲ್ಲಿ ಮಾವ ಕೇಳರಿಯದ 'ಪಿಡಿಎಫ್ ಸಹಾಯಕ' ಒಂದಿತ್ತು. ಅದರ ವಿವರ ತೆರೆದರೆ ಅನುಮತಿಯ ಸಾಲು: ಎಲ್ಲ ವೆಬ್‌ಸೈಟುಗಳಲ್ಲಿ ನಿಮ್ಮ ಮಾಹಿತಿಯನ್ನು ಓದಬಹುದು, ಬದಲಿಸಬಹುದು. ಪಿಡಿಎಫ್ ತೆರೆಯಲು ಬಂದವನಿಗೆ ಬ್ಯಾಂಕಿನ ಪುಟ ಓದುವ ಹಕ್ಕು ಯಾಕೆ? ರಿಮೂವ್ ಒತ್ತಿದೆ.

ಕಂಟ್ರೋಲ್ ಪ್ಯಾನಲ್‌ನಲ್ಲಿ ಇನ್‌ಸ್ಟಾಲ್ ಆದ ದಿನಾಂಕದ ಪ್ರಕಾರ ಪಟ್ಟಿ ಜೋಡಿಸಿದಾಗ ಕನ್ವರ್ಟರ್ ಬಂದ ದಿನವೇ, ಅದೇ ಹೊತ್ತಿಗೆ ಬಂದ ಇನ್ನೊಂದು ಹೆಸರು ಕಂಡಿತು. ಎರಡನ್ನೂ ಅನ್‌ಇನ್‌ಸ್ಟಾಲ್ ಮಾಡಿ, ಮತ್ತೆ ಚಾಲೂ ಮಾಡಿದರೆ ಅದೇ ಹುಡುಕುಪುಟ. ಮಾವ, "ಹೇಳಲಿಲ್ಲೇನು?" ಎಂಬಂತೆ ನೋಡಿದರು.

ಇದೇ ಜಾಲಿಯ ಬುಡ. ಡೆಸ್ಕ್‌ಟಾಪ್ ಮೇಲಿನ ಬ್ರೌಸರ್ ಚಿತ್ರದ ಮೇಲೆ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದೆ. 'ಟಾರ್ಗೆಟ್' ಎಂಬ ಸಾಲಿನಲ್ಲಿ ಬ್ರೌಸರ್ ಎಲ್ಲಿದೆ ಎಂಬ ದಾರಿ ಇರುತ್ತದೆ, ಅದು ಸಾಮಾನ್ಯವಾಗಿ ಒಂದು ಉದ್ಧರಣ ಚಿಹ್ನೆಯಿಂದ ಮುಗಿಯುತ್ತದೆ. ಇಲ್ಲಿ ಮುಗಿದಿರಲಿಲ್ಲ. ಸಾಲು ಉದ್ದ, ಚೌಕ ಚಿಕ್ಕದು, ಆದ್ದರಿಂದ ತುದಿ ಕಾಣುವುದೇ ಇಲ್ಲ. ಬಾಣದ ಗುಂಡಿ ಒತ್ತುತ್ತ ಕೊನೆಗೆ ಹೋದರೆ, ಚಿಹ್ನೆಯ ನಂತರ ಒಂದು ಅಕ್ಷರದಷ್ಟು ಜಾಗ ಬಿಟ್ಟು ಆ ಹುಡುಕುಪುಟದ ವಿಳಾಸ ಕೂತಿತ್ತು. ಚಿತ್ರ ಒತ್ತಿದಾಗಲೆಲ್ಲ "ಬ್ರೌಸರ್ ತೆರೆ, ಇಲ್ಲಿಗೆ ಹೋಗು" ಎಂದು ಆಜ್ಞೆ. ಎರಡೂ ಬ್ರೌಸರುಗಳಿಗೆ ಇದೇ ಬಾಲ. ಬ್ರೌಸರಿನ ಒಳಗೆ ಎಷ್ಟು ಹುಡುಕಿದರೂ ಸಿಗದು, ಯಾಕೆಂದರೆ ಅದು ಬ್ರೌಸರಿನೊಳಗೆ ಇಲ್ಲವೇ ಇಲ್ಲ.

ಬಾಲ ಕತ್ತರಿಸಿದೆ. ಕಂಪ್ಯೂಟರ್ ಮತ್ತೆ ಚಾಲೂ ಮಾಡಿದಾಗ ಬಾಲ ಮತ್ತೆ ಬಂದಿತ್ತು! ಇನ್ನೂ ಯಾರೋ ಒಳಗಿದ್ದಾರೆ. ವಿಂಡೋಸ್‌ನಲ್ಲಿ ಟಾಸ್ಕ್ ಶೆಡ್ಯೂಲರ್ ಎಂದಿದೆ, ಹೊತ್ತುಹೊತ್ತಿಗೆ ಕೆಲಸ ಮಾಡಿಸುವ ತಳವಾರ ಎನ್ನಿ. ಅಪ್‌ಡೇಟುಗಳಲ್ಲಿ ಹಲವು ಅದರ ಮೂಲಕವೇ ನಡೆಯುತ್ತವೆ. ಅದರಲ್ಲಿ 'ಅಪ್‌ಡೇಟ್' ಎಂಬ ಸಭ್ಯ ಹೆಸರಿನ ಒಂದು ಕೆಲಸ: ಯಾರಾದರೂ ಲಾಗಿನ್ ಆದಾಗ, ಮತ್ತು ಗಂಟೆಗೊಮ್ಮೆ, ಒಂದು ಕಡತ ಓಡಿಸು. ಆ ಕಡತವೋ ಆ್ಯಪ್‌ಡೇಟಾ ಎಂಬ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಫೋಲ್ಡರಿನಲ್ಲಿ. ಅನ್‌ಇನ್‌ಸ್ಟಾಲ್ ಮಾಡಿದಾಗ ಇದನ್ನು ಬೇಕೆಂದೇ ಬಿಟ್ಟು ಹೋಗಿತ್ತು. ಕೆಲಸವನ್ನೂ ಕಡತವನ್ನೂ ತೆಗೆದು, ಬಾಲ ಕತ್ತರಿಸಿ, ಚಾಲೂ ಮಾಡಿದರೆ ಗೂಗಲ್ ಬಂತು.

ಹಾಗಾದರೆ ಎರಡು ಸಲದ ಫಾರ್ಮ್ಯಾಟ್ ಯಾಕೆ ಹಿಡಿಯಲಿಲ್ಲ? ನನಗೆ ಎಲ್ಲಕ್ಕಿಂತ ರುಚಿಸಿದ ಪ್ರಶ್ನೆ ಇದು. ಒಂದು, ನಮ್ಮ ಕಡೆ ಫಾರ್ಮ್ಯಾಟ್ ಎಂದರೆ ವಿಂಡೋಸ್ ಇರುವ ಸಿ ಡ್ರೈವ್ ಮಾತ್ರ ಅಳಿಸಿ ಹೊಸದು ಹಾಕುವುದು. ಫೋಟೊ, ಬರಹ ಉಳಿಯಲೆಂದು ಡಿ ಡ್ರೈವ್ ಮುಟ್ಟುವುದಿಲ್ಲ. ಕನ್ವರ್ಟರಿನ ಮೂಲ ಕಡತ ಡಿ ಡ್ರೈವಿನಲ್ಲಿ ಭದ್ರವಾಗಿತ್ತು. ಪ್ರತಿ ಸಲ ಹೊಸ ವಿಂಡೋಸ್ ಬಂದಮೇಲೆ ಮಾವನೇ ಅದನ್ನು ಮತ್ತೆ ಇನ್‌ಸ್ಟಾಲ್ ಮಾಡಿಕೊಂಡಿದ್ದಾರೆ. ಎರಡು, ಬ್ರೌಸರಿಗೆ ತಮ್ಮ ಗೂಗಲ್ ಖಾತೆಯಿಂದ ಲಾಗಿನ್ ಆಗಿದ್ದಾರೆ. ಬ್ರೌಸರಿನಲ್ಲಿದ್ದದ್ದನ್ನು ಖಾತೆಗೂ ನಕಲಿಸುವ ಸಿಂಕ್ ಚಾಲೂ ಇದ್ದರೆ ಬುಕ್‌ಮಾರ್ಕ್‌ಗಳ ಜತೆ ಎಕ್ಸ್‌ಟೆನ್ಶನ್‌ಗಳೂ ಖಾತೆಯಲ್ಲಿ ದಾಖಲಾಗಿರುತ್ತವೆ, ಹೊಸ ಕಂಪ್ಯೂಟರಿಗೂ ಹಿಂಬಾಲಿಸಿ ಬರುತ್ತವೆ. ಹೊಲಕ್ಕೆ ಬೆಂಕಿಯಿಟ್ಟರೂ ಒಂದು ಬೀಜ ಮಣ್ಣಲ್ಲಿತ್ತು, ಇನ್ನೊಂದು ಆಕಾಶದಿಂದ ಬಿತ್ತು. ಅಂಗಡಿಯ ಹುಡುಗನದು ಮೋಸವೇನಲ್ಲ, ಯಾರೂ ಅವನಿಗೆ ಇದನ್ನು ಹೇಳಿಕೊಟ್ಟಿರಲಿಕ್ಕಿಲ್ಲ. ಕಾಯಿಲೆ ಯಾವುದಿದ್ದರೂ ಫಾರ್ಮ್ಯಾಟ್ ಎನ್ನುವ ಚಾಳಿಯ ಮೇಲೆ ಮಾತ್ರ ನನಗೆ ಸಿಟ್ಟಿದೆ.

"ಮತ್ತ ನಮ್ಮ ಆ್ಯಂಟಿವೈರಸ್ ಏನು ಮಾಡ್ತಿತ್ತು? ದುಡ್ಡು ಕೊಟ್ಟೀನಿ" ಎಂದು ಮಾವ ಕೇಳಿದರು. ನ್ಯಾಯವಾದ ಮಾತು. ಇಂಥವನ್ನು ಆ ಕಂಪನಿಗಳು ವೈರಸ್ ಎಂದು ಕರೆಯುವುದಿಲ್ಲ, 'ಬಹುಶಃ ಬೇಡವಾದ ತಂತ್ರಾಂಶ' ಎಂದು ಮೃದುವಾಗಿ ಹೇಳುತ್ತವೆ. ನೀವೇ ಟಿಕ್ ಒಪ್ಪಿದ್ದೀರಲ್ಲ ಎಂಬುದು ಎದುರು ವಾದ. ಈ ಮಾತು ಕೋರ್ಟಿಗೂ ಹೋಗಿದೆ. ಝ್ಯಾಂಗೊ ಎಂಬ ಜಾಹೀರಾತು ತಂತ್ರಾಂಶದ ಕಂಪನಿ, ತನ್ನ ಸರಕನ್ನು ತಡೆದದ್ದಕ್ಕೆ ಆ್ಯಂಟಿವೈರಸ್ ಕಂಪನಿ ಕ್ಯಾಸ್ಪರ್‌ಸ್ಕಿ ಮೇಲೆ ಅಮೆರಿಕದಲ್ಲಿ ದಾವೆ ಹೂಡಿತ್ತು. 2009ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ತಡೆಯುವ ಕಂಪನಿಗೆ ಕಾನೂನಿನ ರಕ್ಷಣೆಯಿದೆ ಎಂದು ತೀರ್ಪಿತ್ತಿತು. ವಿಂಡೋಸ್‌ನ ಸ್ವಂತ ಡಿಫೆಂಡರ್ ಈ ಬಗೆಯವನ್ನು ತಾನಾಗಿ ತಡೆಯತೊಡಗಿದ್ದು 2021ರಿಂದ ಈಚೆಗೆ. ವಿಂಡೋಸ್ ಸೆಕ್ಯುರಿಟಿಯೊಳಗೆ ರೆಪ್ಯುಟೇಶನ್ ಹೆಸರಿನ ಸೆಟ್ಟಿಂಗ್ ಚಾಲೂ ಇದೆಯೇ ನೋಡಿಕೊಳ್ಳಬೇಕು. ಮಾವನಲ್ಲಿ ಯಾರೋ ಆಫ್ ಮಾಡಿದ್ದರು. ಜಾಹೀರಾತು ಕಳೆಗೆಂದೇ ಇರುವ ಆಡ್‌ಡಬ್ಲ್ಯೂಕ್ಲೀನರ್ ಪುಕ್ಕಟೆ, ಅದನ್ನೂ ಒಮ್ಮೆ ಓಡಿಸಿದೆ. ನಮ್ಮ ಸರ್ಕಾರದ್ದೇ ಸೈಬರ್ ಸ್ವಚ್ಛತಾ ಕೇಂದ್ರ 2017ರಿಂದ ಇದೆ, ಅಲ್ಲೂ ಸ್ವಚ್ಛಗೊಳಿಸುವ ಉಪಕರಣಗಳು ಉಚಿತ. ಇವನ್ನೆಲ್ಲ ಅವುಗಳ ಮೂಲ ತಾಣದಿಂದಲೇ ಇಳಿಸಿಕೊಳ್ಳಬೇಕು. 'ಕಳೆ ಕೀಳುವ ಯಂತ್ರ' ಎಂದು ಹುಡುಕಿದವರಿಗೆ ಜಾಲಿ ಬೀಜ ಮಾರುವವರೂ ಇದ್ದಾರೆ.

ಅಂಗಡಿಯಿಂದ ಹೊಸದಾಗಿ ತಂದ ಪೆಟ್ಟಿಗೆಯಲ್ಲೇ ಬೀಜವಿದ್ದ ಪ್ರಸಂಗವೂ ಉಂಟು. 2014ರ ಕೊನೆಯ ಹೊತ್ತಿಗೆ ಲೆನೊವೊ ತನ್ನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶವನ್ನು ಹಾಕಿಯೇ ಮಾರಿತು. ಬ್ಯಾಂಕಿನಂಥ ಸೈಟುಗಳ ಜತೆ ನಮ್ಮ ಮಾತು ಗುಟ್ಟಾಗಿರಲೆಂದು ಬೀಗ ಹಾಕಿರುತ್ತದಲ್ಲ, ಆ ಪುಟಗಳಲ್ಲೂ ಜಾಹೀರಾತು ತುರುಕಲು ಇದು, ಸೈಟು ಅಸಲಿಯೆಂದು ಬ್ರೌಸರಿಗೆ ಸಾರುವ ಪ್ರಮಾಣಪತ್ರಗಳ ಸಾಲಿನಲ್ಲಿ ತನ್ನದೇ ಒಂದನ್ನು ವಿಂಡೋಸ್‌ನಲ್ಲಿ ನೆಟ್ಟು ನಡುವೆ ಕೂತಿತು. ಘೋರವೆಂದರೆ ಎಲ್ಲ ಲ್ಯಾಪ್‌ಟಾಪ್‌ಗಳಿಗೂ ಒಂದೇ ಕೀಲಿ. 2015ರ ಫೆಬ್ರವರಿಯಲ್ಲಿ ರಾಬರ್ಟ್ ಗ್ರಹಾಂ ಎಂಬ ಭದ್ರತಾ ತಜ್ಞ ಆ ಕೀಲಿಯ ಪಾಸ್‌ವರ್ಡ್ ಒಡೆದ. ಅದು 'ಕೊಮೊಡಿಯಾ', ಆ ತಂತ್ರ ಮಾಡಿಕೊಟ್ಟ ಕಂಪನಿಯ ಹೆಸರೇ! ಅದೇ ವೈಫೈನಲ್ಲಿ ಕೂತ ಯಾವನಾದರೂ ನಕಲಿ ಬ್ಯಾಂಕ್ ಪುಟ ತೋರಿಸಬಹುದಿತ್ತು, ಬ್ರೌಸರ್ ಚಕಾರ ಎತ್ತುತ್ತಿರಲಿಲ್ಲ. ಇಲ್ಲೂ ಬುಡದ ಮಾತೇ: ತಂತ್ರಾಂಶವನ್ನು ಅನ್‌ಇನ್‌ಸ್ಟಾಲ್ ಮಾಡಿದರೂ ಪ್ರಮಾಣಪತ್ರ ಉಳಿಯುತ್ತಿತ್ತು, ಅದನ್ನು ಬೇರೆಯಾಗಿ ಕೀಳಬೇಕಿತ್ತು. 2017ರಲ್ಲಿ ಲೆನೊವೊ ಅಮೆರಿಕದ 32 ರಾಜ್ಯಗಳಿಗೆ 35 ಲಕ್ಷ ಡಾಲರ್ ಕೊಡಲು ಒಪ್ಪಿ ವ್ಯಾಜ್ಯ ಮುಗಿಸಿಕೊಂಡಿತು.

ಸಂಜೆಗೆ ಡಿ ಡ್ರೈವಿನ ಆ ಕಡತವನ್ನು ಮಾವನ ಕೈಯಿಂದಲೇ ಅಳಿಸಿಸಿದೆ. ಬ್ರೌಸರಿನಲ್ಲಿ ಉಳಿಸಿದ್ದ ಪಾಸ್‌ವರ್ಡುಗಳನ್ನು ಬದಲಿಸಿದೆವು, ಎಲ್ಲ ಪುಟ ಓದಬಲ್ಲವನು ಏನೇನು ಓದಿದ್ದಾನೆ ಯಾರಿಗೆ ಗೊತ್ತು. ಅತ್ತೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದಿಟ್ಟರು. ಕೊನೇ ಬಸ್ಸಿಗೆ ಬಳ್ಳಾರಿಗೆ ಹೊರಟೆ.

ಹತ್ತು ದಿನದ ಮೇಲೆ ಮತ್ತೆ ಫೋನ್. "ಅಳಿಯಾ, ಬಂತು ನೋಡು. ಸ್ಟಾರ್ಟ್ ಒತ್ತಿದರ ಯಾವುದೋ ಆ್ಯಪ್ ತಗೋ ಅಂತೈತಿ." ಫೋಟೊ ತೆಗೆದು ಕಳಿಸಿ ಎಂದೆ. ನೋಡಿದರೆ ಯಾವ ಕಳ್ಳನದೂ ಅಲ್ಲ, ಮೈಕ್ರೋಸಾಫ್ಟಿನದೇ. 2024ರ ಏಪ್ರಿಲ್‌ನಿಂದ ವಿಂಡೋಸ್ 11 ತನ್ನ ಸ್ಟಾರ್ಟ್ ಮೆನುವಿನ 'ರೆಕಮೆಂಡೆಡ್' ಜಾಗದಲ್ಲಿ ಆ್ಯಪ್‌ಗಳ ಪ್ರಚಾರ ತೋರಿಸುತ್ತಿದೆ.

"ಹಂಗಾರ ಅವರು ಮಾಡಿದರ ನಡಿತೈತೇನು?"

ನನ್ನ ಹತ್ತಿರ ಉತ್ತರವಿರಲಿಲ್ಲ. ಆಫ್ ಮಾಡಬಹುದು ಮಾವ, ಅಷ್ಟು ಫರಕು ಐತಿ, ಎಂದೆ. ಸೆಟ್ಟಿಂಗ್ಸ್ ತೆಗೀರಿ. ಪರ್ಸನಲೈಸೇಶನ್. ಅದರೊಳಗ ಸ್ಟಾರ್ಟ್. ಕೆಳಗ ರೆಕಮೆಂಡೇಶನ್ಸ್ ಅಂತ ಒಂದು ಸಾಲು ಐತಿ ನೋಡ್ರಿ, ಅದರ ಬಲಕ್ಕ ಒಂದು ಗುಂಡಿ...

"ತಡಿಯಪಾ," ಎಂದರು ಮಾವ, "ಕರೆಂಟ್ ಹೋತು."