ಹೊಲಸಾದಷ್ಟೂ ಚೊಲೋ ಸೋಸೋ ಫಿಲ್ಟರ್

ಕಾರ್ ಸರ್ವಿಸಿಂಗ್‌ಗೆ ಬಿಟ್ಟಾಗೊಮ್ಮೆ ಒಂದು ನಾಟಕ ನಡೀತದ. ಹುಡುಗ ಬಾನೆಟ್ ಎತ್ತಿ ಎಂಜಿನ್‌ಗೆ ಹೋಗೋ ಗಾಳಿ ಸೋಸೋ ಏರ್ ಫಿಲ್ಟರ್ ಹೊರಗ ತಗೀತಾನ, ನೆಲಕ್ಕ ನಾಕ್ ಸಲ ಪಟ್ ಪಟ್ ಅಂತ ಬಡೀತಾನ, ಆಮ್ಯಾಲ ಟೈರಿಗಿ ಹವಾ ಹಾಕೋ ಪೈಪ್ ತಂದು ಬರ್‌ರ್ ಅಂತ ಹೊಡೀತಾನ, ಅಂಗಳ ತುಂಬ ಧೂಳ ಏಳ್ತದ, "ನೋಡ್ರಿ ಸರ, ಹೊಸಾದ್ರ ಹಂಗ ಆಯ್ತು" ಅಂತಾನ, ನಾವೂ ಖುಷಿಯಾಗಿ ಚಹಾಕ್ಕ ಅಂತ 20 ರೂಪಾಯಿ ಕೊಟ್ಟು ಬರ್ತೀವಿ. ನಾನೂ ವರ್ಷಗಟ್ಟಲೆ ಕೊಟ್ಟೀನಿ. ನನ್ನ ಫಿಲ್ಟರ್ ಕೆಡಸಲಿಕ್ಕ ನಾನೇ ಕೂಲಿ ಕೊಟ್ಟಂಗಾಯ್ತು ಅಂತ ಆಮ್ಯಾಲ ತಿಳೀತು.

ಯಾಕ ಅಂತ ಹೇಳ್ತೀನಿ, ಆದ್ರ ಅದಕ್ಕಿಂತ ಮೊದಲ ಒಂದು ಲೆಕ್ಕ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರೀಬೇಕಂದ್ರ ಸುಮಾರು 14.7 ಕಿಲೋ ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲ್ ಮುಕ್ಕಾಲು ಕಿಲೋ ತೂಗ್ತದ ಅಂತ ಹಿಡದ್ರ 11 ಕಿಲೋ ಗಾಳಿ ಆಯ್ತು, ಅಂದ್ರ ಹತ್ತಿರ ಹತ್ತಿರ 9,000 ಲೀಟರ್. ಒಬ್ಬ ಮನಷ್ಯಾ ಇಡೀ ದಿನ ಉಸಿರಾಡೋದು ಹತ್ತು-ಹನ್ನೊಂದು ಸಾವಿರ ಲೀಟರ್. ಕಲಬುರಗಿಯಿಂದ ಬೀದರ್‌ಗೆ ಸುಮಾರು 110 ಕಿಲೋಮೀಟರ್, 2017ರಾಗ ರೈಲು ಬಂದ್ರೂ ನಮ್ಮ ಮಂದಿ ಕಾರ್ ಬಿಡಂಗಿಲ್ಲ, ಆರು ಲೀಟರ್ ಸುಟ್ರಿ ಅಂದ್ರ ಆ ಸಣ್ಣ ಕಾಗದದ ಡಬ್ಬಿ ಮೂಲಕ 54,000 ಲೀಟರ್ ಗಾಳಿ ಹೋಯ್ತು. ಎಂಥಾ ಗಾಳಿ? ಮಾಘಮಾಸದಾಗ ತೊಗರಿ ರಾಶಿ ನಡದಾಗ ಹುಮನಾಬಾದ್ ಕಡಿ ಹೋಗಿ ನೋಡ್ರಿ, ಹೊಟ್ಟು ಮಂಜಿನಂಗ ತೇಲ್ತಿರ್ತದ. ಸೇಡಂ, ವಾಡಿ ಕಡಿ ಹೋದ್ರ ಸಿಮೆಂಟ್ ಲಾರಿ ಹಿಂದ, ಶಹಾಬಾದ್ ಕಡಿ ಹೋದ್ರ ಫರಸಿ ಕೊಯ್ಯೋ ಮಷೀನ್ ಬಾಜೂಕ.

ಈಗ ಮುಖ್ಯ ಮಾತಿಗಿ ಬರ್ತೀನಿ. ಫಿಲ್ಟರ್ ಅಂದ್ರ ಸಾಣಿಗಿ ಅಂತ ಎಲ್ಲಾರೂ ತಿಳ್ಕೊಂಡಾರ. ಜ್ವಾಳದ ಹಿಟ್ಟು ಸೋಸೂ ಹಂಗ, ತೂತಿಗಿಂತ ದೊಡ್ಡದು ಮ್ಯಾಲ ಉಳೀತದ, ಸಣ್ಣದು ಕೆಳಗ ಬೀಳ್ತದ, ಮುಗೀತು. ಇದು ತಪ್ಪು, ಪೂರಾ ತಪ್ಪು! ಫಿಲ್ಟರ್ ಕಾಗದನ್ನ ಮೈಕ್ರೋಸ್ಕೋಪ್ ಕೆಳಗ ಇಟ್ರ ತೂತು ಕಾಣಂಗಿಲ್ಲ, ಜಾಲಿ ಕಂಟಿ ಕಾಣ್ತದ. ನಾರಿನ ಮ್ಯಾಲ ನಾರು, ಅಡ್ಡಾದಿಡ್ಡಿ, ನಡುವ ಸಂದಿ. ಆ ಸಂದಿಗೋಳು ಅದು ಹಿಡಿಯೋ ಎಷ್ಟೋ ಧೂಳಿಗಿಂತ ದೊಡ್ಡವು. ಆದ್ರೂ ಧೂಳ ಸಿಗ್ತದ. ಹೆಂಗ?

ಕಲಬುರಗಿ ಶರಣಬಸವೇಶ್ವರ ಜಾತ್ರಿ ನೆನಪ ಮಾಡ್ಕೋರಿ, ತೇರಿನ ದಿನ, ಸಂದಿಗೊಂದಿ ತುಂಬ ಮಂದಿ. ಒಬ್ಬ ದಪ್ಪ ಆಸಾಮಿ ಜೋರಾಗಿ ಓಡಿ ಬರ್ತಾನ, ಎದುರಿಗಿ ಮಂದಿ ನಿಂತಾರಂತ ಗೊತ್ತದ, ಆದ್ರ ತಿರುಗಲಿಕ್ಕ ಆಗಂಗಿಲ್ಲ, ಹೋಗಿ ಡಿಕ್ಕಿ. ದೊಡ್ಡ ಧೂಳ ಸಿಗೋದು ಹಿಂಗ. ಗಾಳಿ ನಾರಿನ ಸುತ್ತ ಹೊಳ್ಳಿ ಹೋಗ್ತದ, ಧೂಳಿನ ಕಣಕ್ಕ ತೂಕದ ಓಟ ಇರ್ತದ, ಹೊಳ್ಳಲಿಕ್ಕ ಆಗದ ನಾರಿಗಿ ಬಡದು ಅಂಟ್ತದ. ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರಾಲಿ ಮೂಲಿ ತಿರುಗೂಮುಂದ ಗ್ವಾಡಿಗಿ ತಾಗಿಸ್ತದಲ್ಲ, ಬೈಕ್‌ನವ ಸಲೀಸ್ ಹೋಗ್ತಾನ, ಅದೇ ಕಥಿ.

ಎರಡನೇದವ ನಿಧಾನಕ್ಕ ಮಂದಿ ಬಾಜೂಕ ಸರಕೊಂಡು ಹೋಗ್ತಾನ, ಡಿಕ್ಕಿ ಏನೂ ಹೊಡಿಯಂಗಿಲ್ಲ, ಆದ್ರ ಧೋತರದ ಚುಂಗು ಯಾರದೋ ಚೀಲಕ್ಕ ಸಿಗ್ತದ. ಅಂದ್ರ ಗಾಳಿ ಜೋಡಿ ಸರಿಯಾಗೇ ಹೊಳ್ಳಿದ ಕಣ, ತನ್ನ ಗಾತ್ರದ ಸಲುವಾಗಿ ನಾರಿಗಿ ಸವರಿ ಅಲ್ಲೇ ಉಳೀತದ.

ಮೂರನೇದು ನನಗ ಭಾಳ ಸೇರಿದ್ದು. ಸಣ್ಣ ಕೂಸು. ಅದಕ್ಕ ದಾರಿ ಅನ್ನೋದೇ ಇಲ್ಲ, ಬಲೂನ್ ಕಡಿ ಓಡ್ತದ, ಬತ್ತಾಸಿನ ಅಂಗಡಿ ಕಡಿ ಓಡ್ತದ, ಹಿಂದ ಮುಂದ. ಹಂಗ ಓಡ್ಯಾಡೋ ಕೂಸು ಯಾರಾದ್ರೂ ಒಬ್ಬರ ಕೈಗಿ ಸಿಕ್ಕೇ ಸಿಗ್ತದ. ಒಂದು ಮೈಕ್ರಾನ್ ಅಂದ್ರ ಮಿಲಿಮೀಟರಿನ ಸಾವಿರದಾಗ ಒಂದು ಪಾಲು, 0.1 ಮೈಕ್ರಾನ್‌ಗಿಂತ ಸಣ್ಣ ಕಣಗೋಳು ಹಿಂಗೇ, ಗಾಳಿ ಅಣುಗೋಳು ಎಲ್ಲಾ ಕಡಿಯಿಂದ ಗುದ್ದಿ ಗುದ್ದಿ ಅವನ್ನ ಕುಡದವರ ಹಂಗ ತೂರಾಡಸ್ತಾವ, ತೂರಾಡಿ ತೂರಾಡಿ ಯಾವುದರ ನಾರಿಗಿ ಹೋಗಿ ತಾಗ್ತಾವ. 1827ರಾಗ ರಾಬರ್ಟ್ ಬ್ರೌನ್ ಅನ್ನೋ ಸಸ್ಯವಿಜ್ಞಾನಿ ಪರಾಗದೊಳಗಿನ ಸಣ್ಣ ಕಣಗೋಳು ನೀರಾಗ ಕುಣಿಯೋದು ನೋಡಿ ತಲಿ ಕೆರಕೊಂಡಿದ್ದ, ಜೀವ ಅದನೋ ಏನೋ ಅಂತ ಕಲ್ಲಿನ ಪುಡಿ ಹಾಕಿ ನೋಡಿದ್ರ ಅದೂ ಕುಣೀತು. ಯಾಕ ಅನ್ನೋದರ ಲೆಕ್ಕ 1905ರಾಗ ಐನ್‌ಸ್ಟೈನ್ ಹಾಕಿದ, ಅದನ್ನ ಅಳದು ತೋರಿಸಿದ ಫ್ರೆಂಚ್ ವಿಜ್ಞಾನಿ ಜಾನ್ ಪೆರ‍್ಯಾಂಗ 1926ರಾಗ ನೊಬೆಲ್ ಬಂತು. ಅಣು ಖರೇ ಅವ ಅಂತ ಜಗತ್ತು ಒಪ್ಪಿದ್ದೇ ಆ ಕುಣಿತದಿಂದ, ಮತ್ತ ಅದೇ ಕುಣಿತ ನಿಮ್ಮ ಕಾರ್ ಫಿಲ್ಟರ್‌ನಾಗ ದಿನಾ ಪುಕ್ಕಟ ಕೆಲಸ ಮಾಡ್ಲಿಕ್ಕತ್ತದ.

ಹಂಗಾದ್ರ ಜಾತ್ರಿಯಾಗ ತಪ್ಪಿಸ್ಕೊಳ್ಳೋವ ಯಾರು? ನಡುವಿನವ. ಚುರುಕ ಹುಡುಗ, ದಪ್ಪನೂ ಅಲ್ಲ, ಕೂಸೂ ಅಲ್ಲ, ಸರಕ್ಕಂತ ಪಾರು. ಎರಡನೇ ಮಹಾಯುದ್ಧದ ಟೈಮಿನಾಗ ಹೊಗಿ ತಡಿಯೋ ಫಿಲ್ಟರ್ ಮ್ಯಾಲ ಕೆಲಸ ಮಾಡಿದ ಅಮೆರಿಕದ ವಿಜ್ಞಾನಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಹೇಳಿದ್ದು ಇದನ್ನೇ, ಹಿಡಿಲಿಕ್ಕ ಎಲ್ಲಕ್ಕಿಂತ ಕಷ್ಟದ್ದು ಸುಮಾರು 0.3 ಮೈಕ್ರಾನ್ ಗಾತ್ರದ್ದು ಅಂತ. ಅದಕ್ಕಿಂತ ಸಣ್ಣದು ಇನ್ನೂ ಸಲೀಸಾಗಿ ಸಿಗ್ತದ! ಸಾಣಿಗಿಯಾಗ ಹಿಂಗಾಗೋದು ಕಂಡೀರೇನು? ಇಷ್ಟಕ್ಕೂ ನಮ್ಮ ಕೂದಲು 70 ಮೈಕ್ರಾನ್ ಆಸುಪಾಸು ದಪ್ಪ.

ಈಗ ಆ 20 ರೂಪಾಯಿ ಕಥಿಗಿ ಬರೋಣ. ನಾರಿಗಿ ಅಂಟಿದ ಧೂಳಿನ ಕಣ ಸುಮ್ಮ ಕೂಡಂಗಿಲ್ಲ, ತಾನೇ ಒಂದು ಹೊಸ ನಾರಿನಂಗಾಗಿ ಮುಂದ ಬರೋ ಕಣಾನ್ನ ಹಿಡೀತದ. ಕಂಟಿಗಿ ಮೊದಲ ಒಂದು ಕಡ್ಡಿ ಸಿಕ್ಕರ ಆಮ್ಯಾಲ ಹುಲ್ಲು, ಹತ್ತಿ, ಕ್ಯಾರಿಬ್ಯಾಗ್ ಎಲ್ಲಾ ಅಲ್ಲೇ ಸಿಗ್ತಾವ ನೋಡ್ರಿ, ಹಂಗ. ಕಾಗದದ ಮ್ಯಾಲ ಧೂಳಿಂದು ಒಂದು ತೆಳು ಪದರ ಕೂಡ್ತದ, ಆಮ್ಯಾಲ ಸೋಸೋದು ಬರೇ ಕಾಗದ ಅಲ್ಲ, ಧೂಳೇ ಧೂಳನ್ನ ಸೋಸ್ತದ. ಅದಕ್ಕ ಎಂಜಿನ್ ಏರ್ ಫಿಲ್ಟರ್ ಹೊಸಾದಿದ್ದಾಗಕ್ಕಿಂತ ಸ್ವಲ್ಪ ಹೊಲಸಾದ ಮ್ಯಾಲೇ ಚೊಲೋ ಸೋಸ್ತದ. ಪ್ರತಿ ತಿಂಗಳ ಹವಾ ಹೊಡಸೋದು ಅಂದ್ರ ಆ ಪದರ ಕಿತ್ತಿ ಒಗದು ಮತ್ತ ಮೊದಲಿಂದ ಶುರು ಮಾಡೋದು, ಅದರ ಮ್ಯಾಲ ಕಂಪ್ರೆಸರ್ ಪ್ರೆಶರ್‌ಗೆ ನಾರು ಸರದು ಕಣ್ಣಿಗಿ ಕಾಣದ ಸೀಳು ಬಿಡ್ತಾವ. ಹೊಡಿಲೇಬೇಕಂದ್ರ ಕಮ್ಮಿ ಪ್ರೆಶರ್‌ನಾಗ, ಸ್ವಚ್ಛ ಇರೋ ಒಳಮಗ್ಗಲಿಂದ ಹೊರಗ, ದೂರ ಹಿಡದು. ಕೆಲವರು ಸರ್ಫ್ ಹಾಕಿ ತೊಳೀತಾರ, ಅವರಿಗಿ ನಾ ಏನ್ ಹೇಳ್ಲಿ, ಕಾಗದ ಅದ್ರೀ ಅದು.

ಹಂಗಂತ ಕಾಯಂ ಬಿಟ್ರೂ ನಡಿಯಂಗಿಲ್ಲ. ಪದರ ದಪ್ಪ ಆದಂಗ ಎಂಜಿನ್‌ಗೆ ಉಸಿರು ಕಟ್ತದ. ಸೀರಿ ನಿರಿಗಿ ಹಂಗ ಕಾಗದ ಮಡಚಿರೋದು ಇದಕ್ಕೇ, ಸಣ್ಣ ಜಾಗದಾಗ ಭಾಳಷ್ಟು ಕಾಗದ ಕೂಡಬೇಕು, ಗಾಳಿ ನಿಧಾನ ಹೋಗಬೇಕು, ಬಂದ್ ಆಗಲಿಕ್ಕ ಭಾಳ ದಿನ ಹಿಡೀಬೇಕು.

ಇಲ್ಲಿ ಇನ್ನೊಂದು ನಂಬಿಕಿ ಮುರೀತೀನಿ. "ಫಿಲ್ಟರ್ ಬದಲಿಸಿದ್ರ ಮೈಲೇಜ್ ಏರ್ತದ" ಅಂತ ಎಲ್ಲಾ ಮಿಸ್ತ್ರಿಗಳೂ ಹೇಳ್ತಾರ. ಹಳೀ ಎಂಜಿನ್‌ನಾಗ ಗಾಳಿ ಪೆಟ್ರೋಲ್ ಕಲಸೋ ಕಾರ್ಬುರೇಟರ್ ಅಂತ ಇತ್ತಲ್ಲ, ಆ ಕಾಲದಾಗ ಖರೇ ಇತ್ತು. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರ್‌ನಾಗ ಸೆನ್ಸರ್ ಗಾಳಿ ಅಳದು ಅಷ್ಟಕ್ಕೇ ಪೆಟ್ರೋಲ್ ಬಿಡ್ತದ, ಗಾಳಿ ಕಮ್ಮಿ ಆದ್ರ ಪೆಟ್ರೋಲೂ ಕಮ್ಮಿ. ಅಮೆರಿಕದ ಓಕ್ ರಿಜ್ ಲ್ಯಾಬ್‌ನವರು 2009ರಾಗ ಬೇಕಂತ ಫಿಲ್ಟರ್ ಬಂದ್ ಮಾಡಿ ಓಡಿಸಿ ನೋಡಿದ್ರು, ಹೊಸ ನಮೂನಿ ಕಾರ್‌ನಾಗ ಮೈಲೇಜ್ ಹೇಳಿಕೊಳ್ಳೋವಷ್ಟು ಬದಲಾಗಲೇ ಇಲ್ಲ, ಪಿಕಪ್ ಮಾತ್ರ ಬಿತ್ತು. ಫಿಲ್ಟರ್ ಹಾಕೋದು ಮೈಲೇಜ್‌ಗೆ ಅಲ್ಲ, ಸಿಲಿಂಡರ್ ಉಳಸ್ಲಿಕ್ಕ.

ಯಾವ ಧೂಳ ಕೊಲ್ತದ ಅನ್ನೋದೂ ಮಜಾ ಅದ. ಮನ್ಯಾಗಿನ ಶಹಾಬಾದ್ ಫರಸಿ ಮ್ಯಾಲ ಚಾಕೂಲೆ ಗೀರಿ ನೋಡ್ರಿ, ಗೆರಿ ಬೀಳ್ತದ. ಅದು ಸುಣ್ಣದ ಕಲ್ಲು, 1812ರಾಗ ಮೋಸ್ ಅನ್ನೋ ಜರ್ಮನ್ ಮಾಡಿದ ಗಟ್ಟಿತನದ ಪಟ್ಟಿಯಾಗ ಅದರ ನಂಬರ್ 3. ಹಳ್ಳದ ಉಸುಕಿನಾಗಿರೋ ಕ್ವಾರ್ಟ್ಜ್‌ಂದು 7, ಅದು ಚಾಕೂನ್ನೇ ಗೀರ್ತದ. ಅಂದ್ರ ಫರಸಿ ಧೂಳ ಫಿಲ್ಟರ್ ಬಂದ್ ಮಾಡ್ತದ, ಉಸುಕು ಒಳಗ ಹೋದ್ರ ಪಿಸ್ಟನ್ ರಿಂಗು, ಸಿಲಿಂಡರ್ ಗೋಡಿ ತಿಂತದ. ಅಲ್ಲಿ ಎಣ್ಣಿ ಪದರ ಕೆಲವೇ ಮೈಕ್ರಾನ್ ದಪ್ಪ, ಅದಕ್ಕಿಂತ ತುಸು ದೊಡ್ಡ ಕಣ ನಡುವ ಸಿಕ್ತಂದ್ರ ಅರಿಯೋ ಕಲ್ಲಿನಂಗ. ಎರಡನೇ ಮಹಾಯುದ್ಧದಾಗ ಉತ್ತರ ಆಫ್ರಿಕಾದ ಮರಳುಗಾಡಿನಾಗ ಟ್ಯಾಂಕ್ ಎಂಜಿನ್‌ಗೋಳ ಆಯುಷ್ಯ ತಿಂದಿದ್ದು ಶತ್ರು ಗುಂಡಿನ ಜೋಡಿ ಈ ಉಸುಕೂ ಹೌದು. ನಮ್ಮ ಕಾಕಾರ ಹಳೀ ಟ್ರ್ಯಾಕ್ಟರ್‌ನಾಗ ಕಾಗದದ ಫಿಲ್ಟರೇ ಇಲ್ಲ, ತಳದಾಗ ಎಣ್ಣಿ ಬಟ್ಟಲು ಅದ, ಗಾಳಿ ಎಣ್ಣಿ ಮ್ಯಾಲ ಬಡದು ಸರ್ರಂತ ಹೊಳ್ತದ, ಧೂಳ ಹೊಳ್ಳಲಾರದ ಎಣ್ಣಿಯಾಗ ಬೀಳ್ತದ. ಮತ್ತ ಅದೇ ದಪ್ಪ ಆಸಾಮಿ!

ಬದಲಿಸೋದು ಯಾವಾಗ? ಕಾರಿನ ಪುಸ್ತಕದಾಗ 20ರಿಂದ 40 ಸಾವಿರ ಕಿಲೋಮೀಟರ್ ನಡುವ ಏನರ ಒಂದು ಬರದಿರ್ತಾರ, ಬಾಜೂಕ ಧೂಳಿನ ರಸ್ತಾದವರಿಗಿ ಅಂತ ಬ್ಯಾರೆ ಮಾತು ಇರ್ತದ, ಅದನ್ನ ಯಾರೂ ಓದಂಗಿಲ್ಲ. ನಾವು ಓದಬೇಕಾದ್ದು ಅದನ್ನೇ. ನಾನು ರಾಶಿ ಮುಗದ ಮ್ಯಾಲ ಒಮ್ಮೆ ನೋಡ್ತೀನಿ, ದಸರಾದಾಗ ಗಾಡಿ ಪೂಜಾಕ್ಕ ಮೊದಲ ಒಮ್ಮೆ. ನಮ್ಮ ಓಣ್ಯಾಗ ಒಬ್ಬರು ಪ್ರತಿ ಅಮಾಸಿಗಿ ತಪ್ಪದ ಬಂಪರ್‌ಗೆ ಹೊಸ ನಿಂಬಿಹಣ್ಣು ಮೆಣಸಿನಕಾಯಿ ಕಟ್ಟಸ್ತಾರ, ಕಾರ್ ತಗೊಂಡು ಐದು ವರ್ಷ ಆದ್ರೂ ಫಿಲ್ಟರ್ ಡಬ್ಬಿ ಎಲ್ಲದ ಅಂತ ಅವರಿಗಿ ಗೊತ್ತಿಲ್ಲ. ದೃಷ್ಟಿ ಬೀಳೋದು ಹೊರಗಿಂದ, ಧೂಳ ತಿನ್ನೋದು ಒಳಗಿಂದ, ಏನ್ ಮಾಡ್ತೀರಿ.

ಹಾಕೋದು ಕಷ್ಟ ಅಲ್ಲ, ಕ್ಲಿಪ್ ಬಿಚ್ಚಿ, ಡಬ್ಬಿ ಒಳಗ ಹಸಿ ಬಟ್ಟಿಲೆ ಒರಸಿ, ಹೊಸದು ಕೂಡಸೋದು. ಒಂದೇ ಮಾತು, ಸುತ್ತಲಿನ ರಬ್ಬರ್ ಸರಿಯಾಗಿ ಕುಂತದೋ ಇಲ್ಲೋ ಬೆರಳಿಲೆ ಸವರಿ ನೋಡ್ರಿ. ಒಂದು ನೂಲಿನಷ್ಟು ಸಂದಿ ಬಿಟ್ರೂ ಗಾಳಿ ಕಾಗದ ಬಿಟ್ಟು ಅಲ್ಲಿಂದೇ ನುಗ್ತದ, ಧೂಳ ಕರಕೊಂಡೇ.

ಇನ್ನ ಕ್ಯಾಬಿನ್ ಫಿಲ್ಟರ್, ಅಂದ್ರ ಕಾರಿನೊಳಗ ನಾವು ಕೂಡೋ ಕಡಿ ಬರೋ ಗಾಳಿ ಸೋಸೋದು. ಹೋದ ಮೇ ತಿಂಗಳದಾಗ, ಹೊರಗ 43 ಡಿಗ್ರಿ, ನನ್ನ ಕಾರಿನ ಎಸಿ ಬರೇ ಉಫ್ ಅಂತಿತ್ತು. ಒಂದು ಅಂಗಡ್ಯಾಗ "ಗ್ಯಾಸ್ ಹೋಗ್ಯಾದ್ರಿ ಸರ" ಅಂದ್ರು, ಹಾಕಿಸಿದೆ, ಮರುದಿನ ಮತ್ತ ಉಫ್. ಮನ್ಯಾಗ ಗ್ಲೋವ್ ಬಾಕ್ಸ್ ಬಿಚ್ಚಿ ಹಿಂದಿನ ಫಿಲ್ಟರ್ ಎಳದ್ರ ತೊಗರಿ ಹೊಟ್ಟು, ಬೇವಿನ ಎಲಿ, ಒಂದು ಇಲಿ ಮಾಡಿದ ಹಾಸಿಗಿ. ಗಾಳಿಗಿ ದಾರೀನೇ ಇಲ್ಲ, ಗ್ಯಾಸ್ ಏನ್ ಮಾಡ್ತದ ಪಾಪ.

ಆದ್ರ ಇದು ಎಂಜಿನ್ ಫಿಲ್ಟರ್‌ನ ಉಲ್ಟಾ ಸ್ವಭಾವದ್ದು. ಬಹಳಷ್ಟು ಕ್ಯಾಬಿನ್ ಫಿಲ್ಟರ್‌ಗೋಳ ಪ್ಲಾಸ್ಟಿಕ್ ನಾರಿಗಿ ಕಾಯಂ ವಿದ್ಯುತ್ ಚಾರ್ಜ್ ಕೊಟ್ಟಿರ್ತಾರ, ಕೂದಲಿಗಿ ತಿಕ್ಕಿದ ಬಾಚಣಿಗಿ ಕಾಗದದ ಚೂರು ಎಳದಂಗ ಅದು ಧೂಳ ಎಳೀತದ. ಎನ್95 ಮಾಸ್ಕ್ ಒಳಗೂ ಇದೇ ಮಾಯಾ. ಮ್ಯಾಲ ಧೂಳ, ಹೊಗಿ ಕೂಡಕೋತ ಹೋದಂಗ ಆ ಚಾರ್ಜ್ ಮುಚ್ಚಿ ಹೋಗ್ತದ, ಎಳಿಯೋ ಶಕ್ತಿ ಇಳೀತದ. ಅಂದ್ರ ಅದು ಹೊಲಸಾದಂಗ ಚೊಲೋ ಆಗೋ ಬದಲಿ ಕೆಡ್ತದ, ತೊಳದ್ರೂ ಮೊದಲಿನಂಗ ಆಗಂಗಿಲ್ಲ. ವರ್ಷಕ್ಕೊಮ್ಮೆ ಬದಲಿಸೋದೇ. ಕರಿ ಬಣ್ಣದ್ದು ಸಿಕ್ಕರ ಅದು ಇದ್ದಿಲಿನದು, ಒಂದು ಗ್ರಾಂ ಆಕ್ಟಿವೇಟೆಡ್ ಇದ್ದಿಲಿನ ಒಳಗಿನ ತೂತುಗೋಳ ಮೈ ಎಲ್ಲಾ ಬಿಚ್ಚಿ ಹಾಸಿದ್ರ ಸಾವಿರ ಚದರ ಮೀಟರ್ ಹತ್ತಿರ ಆಗ್ತದ, ನಮ್ಮ ಲೆಕ್ಕದಾಗ 10 ಗುಂಟೆ ಹೊಲ! ವಾಸನಿ ಹಿಡಿಯೋದು ಆ ಹೊಲ. ಹಾಕೂಮುಂದ ಅಂಚಿನ ಮ್ಯಾಲ ಗಾಳಿ ಹೋಗೋ ದಿಕ್ಕಿನ ಬಾಣ ಇರ್ತದ, ನಾನು ಮೊದಲ ಸಲ ಉಲ್ಟಾ ಹಾಕಿದ್ದೆ, ಮತ್ತ ಬಿಚ್ಚಬೇಕಾಯ್ತು. ಕೆಲವು ಕಮ್ಮಿ ರೇಟಿನ ಮಾಡೆಲ್‌ನಾಗ ಕಂಪನಿಯವರು ಫಿಲ್ಟರೇ ಹಾಕಿರಂಗಿಲ್ಲ, ಖಾಲಿ ಜಾಗ ಅಷ್ಟೇ ಬಿಟ್ಟಿರ್ತಾರ. ನಿಮ್ಮ ಗ್ಲೋವ್ ಬಾಕ್ಸ್ ಹಿಂದ ಒಮ್ಮೆ ಕೈ ಹಾಕಿ ನೋಡ್ರಿ, ಇಲಿ ಇಲ್ಲ ಅಂತ ಖಾತ್ರಿ ಮಾಡ್ಕೊಂಡು.