ಆಂಟೆನಾ ನಾಲ್ಕಿದ್ದರೆ ವೇಗವೂ ನಾಲ್ಕು ಪಟ್ಟೇ?

ಪ್ರಶ್ನೆ: ನಮ್ಮ ಹಳೆಯ ವೈ-ಫೈ ರೂಟರ್‌ಗೆ ಒಂದೇ ಆಂಟೆನಾ ಇತ್ತು. ಈಗ ನಾಲ್ಕು ಆಂಟೆನಾದ್ದು ತಂದಿದ್ದೇವೆ. ವೇಗ ನಾಲ್ಕು ಪಟ್ಟಾಗಬೇಕಿತ್ತಲ್ಲವೇ?

ಆಗಬೇಕಿರಲಿಲ್ಲ. ತರಗತಿಯಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ, ಒಮ್ಮೆ ರೈಲಿನಲ್ಲೂ ಈ ಪ್ರಶ್ನೆಗೆ ಉತ್ತರ ಹೇಳಿದ್ದೇನೆ. ಆದರೂ ಆಂಟೆನಾ ಎಣಿಸಿ ವೇಗ ಅಳೆಯುವ ನಂಬಿಕೆ ಅಲುಗಾಡಿಲ್ಲ. ಈ ಸಲ ಬುಡದಿಂದಲೇ ಹೇಳುತ್ತೇನೆ. ಮನೆಗೆ ಬರುವ ಕೇಬಲ್‌ನ ಮಿತಿ ಬೇರೆಯೇ ಮಾತು, ಅದನ್ನು ಪಕ್ಕಕ್ಕಿಡೋಣ.

ಒಂದು ವಾಹಿನಿಯಲ್ಲಿ ತಪ್ಪಿಲ್ಲದೆ ಎಷ್ಟು ಮಾಹಿತಿ ಸಾಗಿಸಬಹುದು ಎಂಬುದಕ್ಕೆ ಮೇಲ್ಮಿತಿ ಇದೆಯೆಂದು 1948ರಲ್ಲಿ ಅಮೆರಿಕದ ಗಣಿತಜ್ಞ ಕ್ಲಾಡ್ ಶ್ಯಾನನ್ ತೋರಿಸಿಕೊಟ್ಟರು. ವಾಹಿನಿಯ ಅಗಲ, ಅಂದರೆ ಅದು ಬಳಸುವ ಕಂಪನಾಂಕಗಳ ಹರವು, 20 ಮೆಗಾಹರ್ಟ್ಸ್, ಸಂಕೇತದ ಶಕ್ತಿ ಅದರೊಡನೆ ಬೆರೆಯುವ ಬೇಡದ ಗದ್ದಲದ 100 ಪಟ್ಟು ಎಂದಿಟ್ಟುಕೊಳ್ಳಿ. ಆಗ ಮಿತಿ ಸೆಕೆಂಡಿಗೆ ಸುಮಾರು 133 ಮೆಗಾಬಿಟ್. ಶಕ್ತಿಯನ್ನು ದುಪ್ಪಟ್ಟು ಮಾಡಿದರೆ 266 ಆಗುವುದಿಲ್ಲ, 153 ಆಗುತ್ತದೆ. ನಾಲ್ಕು ಪಟ್ಟು ಮಾಡಿದರೆ 173. ಸೂತ್ರದಲ್ಲಿ ಲಾಗರಿದಮ್ ಕುಳಿತಿದೆ, ಅದು ಬಲವನ್ನು ಹೀಗೆ ನುಂಗಿಬಿಡುತ್ತದೆ.

ಈಗ ನಿಮ್ಮ ರೂಟರ್‌ಗೆ ಬನ್ನಿ. ಎದುರಿಗಿರುವ ಉಪಕರಣಕ್ಕೆ ಒಂದೇ ಆಂಟೆನಾ ಇದ್ದರೆ, ರೂಟರ್‌ನ ನಾಲ್ಕೂ ಆಂಟೆನಾಗಳು ಇದ್ದ ಶಕ್ತಿಯನ್ನೇ ಹಂಚಿಕೊಂಡು, ಅಲೆಗಳೆಲ್ಲ ಅಲ್ಲಿ ತಾಳ ತಪ್ಪದೆ ಕೂಡುವಂತೆ ಕಳಿಸಿದರೂ ಸಂಕೇತ ನಾಲ್ಕು ಪಟ್ಟು ಬಲವಾಗುತ್ತದೆ, ಅಷ್ಟೇ. ಅಂದರೆ ಅದೇ 173.

ವೇಗ ನಿಜವಾಗಿ ಪಟ್ಟು ಪಟ್ಟಾಗಿ ಏರಬೇಕಾದರೆ ಎರಡೂ ತುದಿಗಳಲ್ಲಿ ಆಂಟೆನಾಗಳು ಬೇಕು, ಮತ್ತು ಅವು ಬೇರೆ ಬೇರೆ ಸುದ್ದಿ ಕೇಳಿಸಿಕೊಳ್ಳಬೇಕು. ಹತ್ತನೇ ತರಗತಿಯ ಗಣಿತ ನೆನಪಿಸಿಕೊಳ್ಳಿ. ಎರಡು ಆಂಟೆನಾಗಳು ಒಂದೇ ಹೊತ್ತಿಗೆ ಎರಡು ಸಂಖ್ಯೆಗಳನ್ನು ಕಳಿಸುತ್ತವೆ. ತಲುಪುವುದು ಅವುಗಳ ಮಿಶ್ರಣ. ಒಂದು ಆಂಟೆನಾಗೆ ಮೊತ್ತ 10, ಇನ್ನೊಂದಕ್ಕೆ ವ್ಯತ್ಯಾಸ 2 ಸಿಕ್ಕರೆ ಸಂಖ್ಯೆಗಳು 6 ಮತ್ತು 4 ಎಂದು ಮಗುವೂ ಹೇಳುತ್ತದೆ. ಆದರೆ ಒಂದಕ್ಕೆ ಮೊತ್ತ 10, ಇನ್ನೊಂದಕ್ಕೆ ಮೊತ್ತದ ಎರಡರಷ್ಟು 20 ಸಿಕ್ಕರೆ? ಎರಡನೆಯದು ಜೋರಾಗಿದೆ, ಹೊಸತೇನನ್ನೂ ಹೇಳುತ್ತಿಲ್ಲ. ಮೇಲಿನ ಲೆಕ್ಕದಲ್ಲೇ ಎರಡು-ಎರಡು ಆಂಟೆನಾ ಇಟ್ಟರೆ, ಮೊದಲ ಬಗೆಯ ಅತ್ಯುತ್ತಮ ಸ್ಥಿತಿಯಲ್ಲಿ 266 ಸಿಗುತ್ತದೆ, ಎರಡನೆಯದರಲ್ಲಿ ಬರೀ 153. ಗೋಡೆ, ಕಬ್ಬಿಣದ ಬೀರು ಇವುಗಳಿಗೆ ಬಡಿದು ಬರುವ ಪ್ರತಿಫಲನಗಳನ್ನು ಎಲ್ಲರೂ ಬೈಯುತ್ತಾರೆ. ಮಿಶ್ರಣಗಳನ್ನು ಬೇರೆ ಬೇರೆಯಾಗಿಸುವ ಪುಣ್ಯ ಅವುಗಳದೇ. ಇನ್ನು ಹೀಗೆ ಒಂದೇ ಹೊತ್ತಿಗೆ ಸಾಗುವ ಬೇರೆ ಬೇರೆ ಸುದ್ದಿಯ ಧಾರೆಗಳ ಸಂಖ್ಯೆ ಯಾವ ತುದಿಯಲ್ಲಿ ಆಂಟೆನಾ ಕಡಿಮೆಯೋ ಅದನ್ನು ಮೀರುವುದಿಲ್ಲ. ಮೊಬೈಲ್‌ನಲ್ಲಿ ವೈ-ಫೈಗೆ ಸಾಮಾನ್ಯವಾಗಿ ಇರುವುದು ಎರಡೇ.

ಹೀಗೆ ಹಲವು ಧಾರೆ ಹರಿಸುವ ವಿಚಾರಕ್ಕೆ 1994ರಲ್ಲಿ ಪೇಟೆಂಟ್ ಪಡೆದವರು ಆರೋಗ್ಯಸ್ವಾಮಿ ಪೌಲ್‌ರಾಜ್ ಮತ್ತು ಥಾಮಸ್ ಕೈಲಾತ್. ನೌಕಾಪಡೆಯಲ್ಲಿದ್ದ ಪೌಲ್‌ರಾಜ್ ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರವನ್ನು ಕಟ್ಟಿ ಆಮೇಲೆ ಸ್ಟ್ಯಾನ್‌ಫರ್ಡ್‌ಗೆ ಹೋದವರು. ಪಾಠದಲ್ಲಿ ಈ ಹೆಸರು ಬಂದಾಗಲೆಲ್ಲ ನನ್ನ ದನಿ ತಾನಾಗಿ ಏರುತ್ತದೆ.

ಇಲ್ಲಿಂದ ಹುಟ್ಟುವ ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಇರುವ ಆಂಟೆನಾಗಳೆಲ್ಲ ಸದಾ ದುಡಿಯಲೇಬೇಕೇ? ಬೇಡ. ಆಂಟೆನಾ ಎಂದರೆ ಲೋಹದ ತುಂಡು, ಅಗ್ಗ. ಅದರ ಹಿಂದಿನ ರೇಡಿಯೊ ಮಂಡಲ (ಸರ್ಕ್ಯೂಟ್) ದುಬಾರಿ, ಬ್ಯಾಟರಿ ತಿನ್ನುವುದೂ ಅದೇ. ಹಾಗಾಗಿ ಎಂಟು ಆಂಟೆನಾ, ಎರಡೇ ಮಂಡಲ, ನಡುವೆ ಒಂದು ಸ್ವಿಚ್ ಇಟ್ಟು ಆಗಿನ ಸ್ಥಿತಿಗೆ ತಕ್ಕ ಎರಡನ್ನು ಆರಿಸಿಕೊಳ್ಳಬಹುದು. ಅತಿ ಬಲವಾದ ಎರಡನ್ನು ಹಿಡಿದರಾಯಿತು ಎಂದು ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷ ಬರೆಯುತ್ತಾರೆ. ನಾನು ಪ್ರತಿ ವರ್ಷ ಅಂಕ ಕಳೆಯುತ್ತೇನೆ. ಆ ಎರಡೂ 10 ಮತ್ತು 20ರ ಜೋಡಿಯಾಗಿದ್ದರೆ? ಎಂಟರಲ್ಲಿ 28 ಜೋಡಿಗಳಿವೆ. ಜೋಡಿಯಾಗಿಯೇ ಸಾಮರ್ಥ್ಯ ಲೆಕ್ಕ ಹಾಕಬೇಕು.

ಆರಿಸುವುದಕ್ಕೂ ಸಮಯ ಬೇಕು. ಓಡುವ ಬಸ್ಸಿನಲ್ಲಿ ಮೊಬೈಲ್ ಹಿಡಿದು ಕುಳಿತಿದ್ದೀರಿ ಎಂದಿಟ್ಟುಕೊಳ್ಳಿ. 2,300 ಮೆಗಾಹರ್ಟ್ಸ್‌ನ 4ಜಿ ಅಲೆಯ ಉದ್ದ ಸುಮಾರು 13 ಸೆಂಟಿಮೀಟರ್. ಅದರ ಅರ್ಧದಷ್ಟು ಸರಿದರೆ ಮಿಶ್ರಣಗಳೇ ಬದಲಾಗಿರುತ್ತವೆ. ಗಂಟೆಗೆ 45 ಕಿಲೋಮೀಟರ್ ವೇಗದ ಬಸ್ಸು ಅಷ್ಟು ದೂರವನ್ನು ಸುಮಾರು 5 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರೊಳಗೆ ಅಳೆದು, ಆರಿಸಿ, ಕಳಿಸಿ ಮುಗಿಸದಿದ್ದರೆ ಕೈಯಲ್ಲಿ ಉಳಿಯುವುದು ಹಿಂದೆ ಬಿಟ್ಟುಬಂದ ಜಾಗಕ್ಕೆ ಒಪ್ಪುತ್ತಿದ್ದ ಜೋಡಿ.